ವೋಲ್ಟೇಜ್ ಕಮ್ಮಿ

ನಸ್ರುಲ್ಲಾ ಭಾಯಿ ಬಂದರು, ಕಂಕುಳಲ್ಲಿ ಸೀರೆ ಡಬ್ಬ.
ಒಳಗೆ ಸೀರೆಯಿಲ್ಲ. ಡಿಸ್ಕುಗಳು, ನಲವತ್ತೊಂದು.
ಒಂದೊಂದರ ಬೆನ್ನ ಮೇಲೂ ಅವರದೇ ಮಾರ್ಕರ್ ಅಕ್ಷರ:
ಕಾರು ಮೂರು. ಕುಸ್ತಿ ಹೊಸದು. ಕುಸ್ತಿ ಇನ್ನೂ ಹೊಸದು.
ಫುಟ್‌ಬಾಲ್, ಗೀರು ಇದೆ, ಹುಷಾರು.

ಕಂತಿನಲ್ಲಿ ತಂದ ಹೊಸ ಮಿಷನ್ನು
ಟಿವಿ ಪಕ್ಕ ಹೊಸ ಅಳಿಯನ ಹಾಗೆ ಬಿಮ್ಮನೆ ಕೂತಿತ್ತು.
ಹಳೇ ಆಟಾನೂ ಆಡಿಸುತ್ತಂತೆ ಭಾಯಿ,
ಅಂದಿದ್ದೆ ಫೋನಿನಲ್ಲಿ. ಅಷ್ಟೇ.
ಶಿಡ್ಲಘಟ್ಟದ ಆ ತುದಿಯಿಂದ ಸ್ಕೂಟರು ಹೊರಟಿತ್ತು.

ಮೊದಲನೆಯದನ್ನು ನುಂಗಿತು. ಯೋಚಿಸಿತು. ಉಗುಳಿತು.
ಎರಡನೆಯದು. ಹನ್ನೆರಡನೆಯದು.
ಈ ಡಿಸ್ಕನ್ನು ಗುರುತಿಸಲಾಗುತ್ತಿಲ್ಲ.
"ಹೆಂಗೆ ಗುರುತು ಸಿಕ್ಕುತ್ತೆ, ಎಲ್ಲಾ ಡೂಪ್ಲಿಕೇಟು,"
ಭಾಯಿ ನಕ್ಕರು. "ನಮ್ ಹಳೇದು ಒಳ್ಳೇದು ಕಣಪ್ಪ,
ಯಾರ ಜಾತಕಾನೂ ಕೇಳ್ತಿರ್ಲಿಲ್ಲ."

ತಳದಲ್ಲಿ ಒಂದೇ ಒಂದು ಅಸಲಿ,
ಅವರ ಭಾವಮೈದ ದುಬೈನಿಂದ ತಂದದ್ದು.
ಲುಂಗಿಯ ಅಂಚಿಗೆ ಒರೆಸಿ ಕೊಟ್ಟರು.
ಬಂತು.
ಅಗಲದ ಪರದೆಯ ನಡುವೆ ಚೌಕ ಚಿತ್ರ,
ಎಡಕ್ಕೆ ಬಲಕ್ಕೆ ಕಪ್ಪು.
"ಟಿವಿ ಕೆಟ್ಟಿದೆಯಾ ಪಪ್ಪಾ?" ಅಂದಳು ಮೌಲ್ಯ.

ಗೂಡಿನ ಮಾರುಕಟ್ಟೆ ಹಿಂದೆ, ಮೆಟ್ಟಿಲ ಮೇಲೆ ಆ ಕೋಣೆ.
ಗಂಟೆಗೆ ಹದಿನೈದು. ಗುಂಡಿಗಳ ಮೇಲಿನ ಗುರುತು
ಎಷ್ಟೋ ಹೆಬ್ಬೆರಳಿಗೆ ಅಂಟಿ ಹೋಗಿತ್ತು.
ಕಿಟಕಿಯಿಂದ ಬೆಂದ ಹುಳುವಿನ ವಾಸನೆ.
ಮಳ್ಳೂರಿನಿಂದ ತಂದ ಗೂಡನ್ನು ಜಾಲರಿಗೆ ಸುರಿದು
ಅಪ್ಪ ಹರಾಜಿಗೆ ನಿಂತರೆ
ನನಗೆ ಹದಿನೈದು ರೂಪಾಯಿ, ಮತ್ತು ಮೆಟ್ಟಿಲು.

ಮೂರನೇ ಹಂತ, ಸೇತುವೆ.
ಆ ಕಡೆಯಿಂದ ಏಳು ಟ್ಯಾಂಕು, ಎರಡು ಹೆಲಿಕಾಪ್ಟರು, ಹೊಗೆ.
ಅಷ್ಟೂ ಒಟ್ಟಿಗೆ ಬಂದಾಗ
ಆಟ ತಾನೇ ನಿಧಾನವಾಗುತ್ತಿತ್ತು.
ಗುಂಡುಗಳು ಕೆರೆಯ ನೀರೊಳಗೆ ನಡೆದ ಹಾಗೆ ಬರುತ್ತಿದ್ದವು,
ಬಾಗಿದರೆ ಸಾಕು, ಕಿವಿಯ ಪಕ್ಕ ದಾಟಿಹೋಗುವುದು ಕಾಣುತ್ತಿತ್ತು.
"ವೋಲ್ಟೇಜ್ ಕಮ್ಮಿ," ಬಾಗಿಲಿನಿಂದ ಭಾಯಿ.
ನಂಬಿದ್ದೆ.

ಒಂದು ಶನಿವಾರ ದಾಟಿದೆ.
ಆಚೆ ಏನಿದೆ ನೋಡುವಷ್ಟರಲ್ಲಿ ಗಂಟೆ ಮುಗಿದಿತ್ತು,
ಚಿಂತಾಮಣಿ ಹುಡುಗನ ಸರದಿ.
ಕೆಳಗೆ ಓಡಿದೆ: "ಅಪ್ಪಾ, ದಾಟ್ಬಿಟ್ಟೆ!"
ನೋಟು ಎಣಿಸುತ್ತ ಅಪ್ಪ: "ನೂರ ನಲವತ್ತು ಬಿತ್ತು ಕಣೋ!"
ಇಬ್ಬರಿಗೂ ಎಷ್ಟು ಖುಷಿ,
ಒಬ್ಬರ ಮಾತು ಒಬ್ಬರು ಕೇಳಲೇ ಇಲ್ಲ.

ಈಗ ಅದೇ ಸೇತುವೆ. ಅವೇ ಏಳು.
ಹೊಸ ಮಿಷನ್ನಿಗೆ ಇದ್ಯಾವ ಲೆಕ್ಕ,
ಬೆಣ್ಣೆಯ ಮೇಲೆ ಜಾರಿದ ಹಾಗೆ ಬಂದವು.
ಬಾಗುವ ಮೊದಲೇ ಸತ್ತೆ.
ಮತ್ತೆ ಸತ್ತೆ. ಭಾಯಿ ಆಡಿದರು, ಸತ್ತರು.
ನಮ್ಮ ಹೆಬ್ಬೆರಳು ಇನ್ನೂ
ಆ ನಿಧಾನಕ್ಕೆ ಕಾಯುತ್ತಿತ್ತು.

"ವೋಲ್ಟೇಜ್ ಅಲ್ಲ ಅದು," ಭಾಯಿ ಗಂಟಲು ಸರಿಮಾಡಿಕೊಂಡರು.
"ಮಿಷನ್ನಿಗೆ ಭಾರ ಆಗ್ತಿತ್ತು, ಏಳನ್ನೂ ಒಟ್ಟಿಗೆ ಎತ್ತೋಕೆ.
ಕಾಸು ವಾಪಸ್ ಕೇಳ್ತೀರ ಅಂತ
ಕರೆಂಟಿನೋರ ಮೇಲೆ ಹಾಕ್ತಿದ್ದೆ."
ಬೆಸ್ಕಾಂ ಲೈನ್‌ಮನ್ ನಾನು, ಹನ್ನೆರಡು ವರ್ಷದಿಂದ.
ಬಲ್ಬು ಮಂಕಾಗಿದೆ ಅಂತ ಯಾರು ಫೋನು ಮಾಡಿದರೂ
ಕಂಬ ಹತ್ತುವಾಗ ಒಳಗೊಳಗೇ
ಒಂದು ಸೇತುವೆ ಸುಲಭವಾಗುತ್ತಿತ್ತು ನನಗೆ.
ಹೇಳಲಿಲ್ಲ. "ಟೀ ಕುಡೀತೀರಾ?" ಅಂದೆ.

ಮೌಲ್ಯ ರಿಮೋಟು ಕಿತ್ತುಕೊಂಡಳು.
ನಿಧಾನ ಅಂದರೇನೆಂದು ಗೊತ್ತಿಲ್ಲದ ಹುಡುಗಿ,
ನಾಲ್ಕನೇ ಸಲಕ್ಕೆ, ತುಟಿ ಕಚ್ಚಿ, ದಾಟಿದಳು.
"ಹದಿನೈದು ರೂಪಾಯಿ ಕೊಡಮ್ಮ," ಕೈ ಚಾಚಿದರು ಭಾಯಿ.
"ನಾನೂ ನೋಡಿಲ್ಲ, ಮುಂದೆ ಏನೈತೆ ಅಂತ."
ಅಂಗಡಿ ಅವರದು. ಆಡುವ ಪುರುಸೊತ್ತು ಹುಡುಗರದ್ದು.

ಕಪ್ಪು ಪರದೆ. ಬಿಳಿ ಅಕ್ಷರ: ಹಂತ ನಾಲ್ಕು.
ಒಂದಿಷ್ಟು ಹಿಮ. ಖಾಲಿ ದಾರಿ. ಯಾರೂ ಇಲ್ಲ.
ಫ್ಯಾನು ಸುಸ್ತಾಗಿ ಎರಡು ಸುತ್ತು ಹಾಕಿತು,
ಬಲ್ಬು ಕೆಂಪಗೆ ಕಣ್ಣುಬಿಟ್ಟು ಮುಚ್ಚಿತು,
ಟಿವಿ ಆರಿತು.

ಕತ್ತಲಲ್ಲಿ ಮೂವರೂ ಸುಮ್ಮನೆ.
ಆಮೇಲೆ ಭಾಯಿಯ ನಗು, ಮೊದಲು ಮೂಗಿನಲ್ಲಿ, ನಂತರ ಹೊಟ್ಟೆಯಲ್ಲಿ.
"ಅಲ್ಲಾ ಕಸಂ, ಈ ಸಲ ನಾನಲ್ಲ."
ನನ್ನ ಫೋನು ಆಗಲೇ ಹೊಡೆದುಕೊಳ್ಳುತ್ತಿದೆ.
ಚಪ್ಪಲಿಗೆ ತಡಕಾಡುತ್ತಿದ್ದೇನೆ,
ಅವರು ನೆಲದ ಮೇಲೆ ಡಿಸ್ಕುಗಳನ್ನು
ಬೆರಳಿನಿಂದಲೇ ಎಣಿಸಿ ಡಬ್ಬಕ್ಕೆ ಹಾಕುತ್ತಿದ್ದಾರೆ:
ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.
ಇನ್ನೊಂದು ಮಿಷನ್ನಿನ ಹೊಟ್ಟೆಯಲ್ಲಿದೆ,
ಕರೆಂಟು ಬರದೆ ಬಾಯಿ ತೆರೆಯುವುದಿಲ್ಲ.